ದವಡೆ ಕೀಲು: ಬೆರಳು, ಕನ್ನಡಿ, ಅಳತೆಪಟ್ಟಿ ಹಿಡಿದು ಅರಿಯುವ ಬಗೆ

ಕಿವಿಯ ರಂಧ್ರಕ್ಕೆ ಮುಂದಿನಿಂದ ಮುಚ್ಚಳದಂತೆ ಚಾಚಿಕೊಂಡಿರುವ ಪುಟ್ಟ ಮೃದ್ವಸ್ಥಿಯೊಂದಿದೆ. ಅದರಿಂದ ಸುಮಾರು ಒಂದು ಸೆಂಟಿಮೀಟರಿನಷ್ಟು ಮುಂದಕ್ಕೆ, ಕೆನ್ನೆಮೂಳೆಯ ಕಮಾನಿನ ಕೆಳ ಅಂಚಿಗೆ ತಾಗಿದಂತೆ, ಎರಡೂ ಬದಿಗಳಲ್ಲಿ ತೋರುಬೆರಳುಗಳನ್ನು ಹಗುರವಾಗಿ ಇಟ್ಟುಕೊಂಡು ಬಾಯಿಯನ್ನು ನಿಧಾನವಾಗಿ ತೆರೆಯಿರಿ. ಚರ್ಮದಡಿಯಲ್ಲಿ ಗುಂಡನೆಯ ಗಂಟೊಂದು ಮೊದಲು ಇದ್ದಲ್ಲೇ ಹೊರಳಿ, ಅನಂತರ ಮುಂದಕ್ಕೆ ಜಾರಿ, ಬೆರಳಿನ ಕೆಳಗೆ ಒಂದು ಗುಳಿಯನ್ನು ಬಿಟ್ಟುಹೋಗುವುದು ತಿಳಿಯುತ್ತದೆ. ಆ ಗಂಟು ಕೆಳದವಡೆಯ ಮೇಲ್ತುದಿ. ಗುಳಿ ಬಿದ್ದ ಜಾಗ ಅದು ಆಗತಾನೆ ತೆರವು ಮಾಡಿದ ಗೂಡು.

ಬಾಗಿಲಿನ ಬಿಜಾಗರಿಯಂತೆ ದವಡೆಯೂ ಒಂದೇ ಕಡೆ ನಿಂತು ತಿರುಗುತ್ತದೆ ಎಂದೇ ನಮ್ಮಲ್ಲಿ ಬಹುಮಂದಿ ಭಾವಿಸಿರುತ್ತೇವೆ. ಬೆರಳು ಹೇಳುವ ಸಂಗತಿ ಬೇರೆ. ಈ ಕೀಲು ತಿರುಗುವುದರ ಜೊತೆಗೆ ತನ್ನ ಗೂಡನ್ನೇ ಬಿಟ್ಟು ಮುಂದಕ್ಕೆ ನಡೆಯುತ್ತದೆ, ಮತ್ತೆ ಹಿಂದಿರುಗುತ್ತದೆ. ದವಡೆಯ ಸದ್ದು, ನೋವು, ಹಿಡಿತಗಳಲ್ಲಿ ಹೆಚ್ಚಿನವು ಈ ಹೋಗಿಬರುವ ದಾರಿಯಲ್ಲೇ ಹುಟ್ಟುವುದರಿಂದ, ಆ ದಾರಿಯನ್ನು ನಮ್ಮ ಕೈಯಿಂದಲೇ ಪರಿಚಯ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ. ಮುಂದಿನ ಹೆಜ್ಜೆಗಳಿಗೆ ಒಂದು ಕನ್ನಡಿ, ಮಿಲಿಮೀಟರ್ ಗುರುತುಗಳಿರುವ ಒಂದು ಅಳತೆಪಟ್ಟಿ, ತೊಳೆದ ಕೈಗಳು ಇಷ್ಟಿದ್ದರೆ ಸಾಕು. ಯಾವ ಹೆಜ್ಜೆಯಲ್ಲಾದರೂ ತೀಕ್ಷ್ಣವಾದ ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಬೆರಳಿನ ಕೆಳಗೆ ಏನಿದೆ

ಕಿವಿಯ ಸುತ್ತಲೂ ಕಣತಲೆಯ ಭಾಗದಲ್ಲೂ ಹರಡಿರುವ ತಲೆಬುರುಡೆಯ ಮೂಳೆಯನ್ನು ಶಂಖಾಸ್ಥಿ ಎನ್ನುತ್ತಾರೆ. ಅದರ ತಳದಲ್ಲಿ ಒಂದು ಗುಳಿಯಿದೆ; ಗುಳಿಯ ಮುಂದೆ ಸಣ್ಣ ದಿಬ್ಬವೊಂದಿದೆ. ಕೆಳದವಡೆಯ ಹಿಂತುದಿಯಲ್ಲಿ ಮೇಲಕ್ಕೆ ಎದ್ದಿರುವ ಗುಂಡಾದ ತಲೆಯನ್ನು ಕಾಂಡೈಲ್ ಎಂದು ಕರೆಯುವುದು ರೂಢಿ. ಅಡ್ಡಲಾಗಿ ಸುಮಾರು 15ರಿಂದ 20 ಮಿ.ಮೀ., ಹಿಂದುಮುಂದಾಗಿ ಸುಮಾರು 8ರಿಂದ 10 ಮಿ.ಮೀ. ಇರುವ ಈ ತಲೆ, ಬಾಯಿ ಮುಚ್ಚಿರುವಾಗ ಗುಳಿಯಲ್ಲಿ ಕುಳಿತಿರುತ್ತದೆ. ಬಾಯಿ ಪೂರ್ತಿ ತೆರೆದಾಗ ದಿಬ್ಬದ ಇಳಿಜಾರಿನಲ್ಲಿ ಜಾರಿ ಅದರ ತುದಿಯವರೆಗೂ, ಅನೇಕರಲ್ಲಿ ಅದನ್ನು ತುಸು ದಾಟಿಯೂ, ಹೋಗುತ್ತದೆ. ವೈದ್ಯರು ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್ ಎಂದೋ ಚುಟುಕಾಗಿ ಟಿಎಂಜೆ ಎಂದೋ ಹೇಳುವುದು ಇದನ್ನೇ.

ಗುಳಿಯ ನಡುಭಾಗದ ಮೂಳೆ ಬಹಳ ತೆಳು, ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು. ಅಗಿಯುವ ಒತ್ತಡವೆಲ್ಲ ಅಲ್ಲಿಗೆ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. ಒತ್ತಡವನ್ನು ಹೊರುವುದು ಮುಂದಿರುವ ದಿಬ್ಬದ ಹಿಂಬದಿಯ ಇಳಿಜಾರು ಮತ್ತು ಅದಕ್ಕೆ ಎದುರಾಗಿರುವ ಕಾಂಡೈಲಿನ ಮುಂಭಾಗ. ದೇಹದ ಬಹುತೇಕ ಚಲಿಸುವ ಕೀಲುಗಳಲ್ಲಿ ಮೂಳೆಯ ತುದಿಗೆ ಗಾಜಿನಂತೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇಲ್ಲಿ ಅದರ ಬದಲಿಗೆ ನಾರಿನ ಅಂಶ ಹೆಚ್ಚಿರುವ ಹೊದಿಕೆಯಿದೆ. ಒಂದರ ಮೇಲೊಂದು ಜಾರುವಾಗ ಉಂಟಾಗುವ ಎಳೆತವನ್ನು ತಡೆದುಕೊಳ್ಳಲು ಇದು ಹೆಚ್ಚು ತಕ್ಕುದು. ಪೆಟ್ಟು ತಿಂದ ಮೇಲೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯೂ ಇದಕ್ಕೆ ಸ್ವಲ್ಪ ಹೆಚ್ಚು. ಈ ಕೀಲಿನ ತೊಂದರೆಗಳಲ್ಲಿ ಹಲವು ಶಸ್ತ್ರಚಿಕಿತ್ಸೆಯಿಲ್ಲದೆ ತಣಿಯುವುದಕ್ಕೆ ಇದೂ ಒಂದು ಕಾರಣ.

ಎರಡು ಮೂಳೆಗಳ ನಡುವೆ ಡಿಸ್ಕ್ ಎಂಬ ನಾರಿನ ಬಿಲ್ಲೆಯಿದೆ. ಕಾಂಡೈಲಿನ ತಲೆಗೆ ಇಟ್ಟ ಟೋಪಿಯೆಂದು ಅದನ್ನು ಕಲ್ಪಿಸಿಕೊಳ್ಳಬಹುದು, ಆದರೆ ನಡುವೆ ತೆಳ್ಳಗೆ, ಮುಂದೆ ದಪ್ಪಗೆ, ಹಿಂದೆ ಇನ್ನೂ ದಪ್ಪಗೆ ಇರುವ ಟೋಪಿ. ನಡುವಿನ ದಪ್ಪ ಸುಮಾರು 1 ಮಿ.ಮೀ.; ಹಿಂದಿನ ಅಂಚಿನದು ಸುಮಾರು 3 ಮಿ.ಮೀ. ಕಾಂಡೈಲ್ ಈ ತೆಳು ನಡುಭಾಗದಲ್ಲಿ ಒರಗಿರುವವರೆಗೆ ಎಲ್ಲವೂ ಸದ್ದಿಲ್ಲದೆ ನಡೆಯುತ್ತದೆ. ನಡುಭಾಗಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಆದ್ದರಿಂದ ಎಷ್ಟು ಒತ್ತಿದರೂ ಅದು ನೋಯುವುದಿಲ್ಲ. ಡಿಸ್ಕಿನ ಹಿಂದೆ ಅದನ್ನು ಕಿವಿಯ ಕಡೆಯ ಮೂಳೆಗೆ ಜೋಡಿಸುವ ಸಡಿಲವಾದ ಅಂಗಾಂಶವಾದರೋ ರಕ್ತನಾಳಗಳಿಂದಲೂ ನರಗಳಿಂದಲೂ ತುಂಬಿದೆ. ಡಿಸ್ಕ್ ಮುಂದಕ್ಕೆ ಜರುಗಿ ಕಾಂಡೈಲ್ ಈ ಹಿಂಭಾಗದ ಮೇಲೆ ಕುಳಿತಾಗ ನೋವು ಏಕೆ ಬರುತ್ತದೆ ಎಂಬುದು ಇಲ್ಲಿಂದಲೇ ಅರ್ಥವಾಗುತ್ತದೆ.

ಡಿಸ್ಕ್ ಇಡೀ ಕೀಲನ್ನು ಎರಡು ಕೋಣೆಗಳಾಗಿ ವಿಂಗಡಿಸುತ್ತದೆ. ಮೇಲಿನ ಕೋಣೆ ಸುಮಾರು 1.2 ಮಿ.ಲೀ., ಕೆಳಗಿನದು ಸುಮಾರು 0.9 ಮಿ.ಲೀ. ದ್ರವವನ್ನು ಹಿಡಿಯಬಲ್ಲದು. ಜಾರುವ ಕೆಲಸ ಮೇಲಿನ ಕೋಣೆಯಲ್ಲಿ, ತಿರುಗುವ ಕೆಲಸ ಕೆಳಗಿನ ಕೋಣೆಯಲ್ಲಿ. ಒಂದು ಕೀಲಿನಲ್ಲಿ ಎರಡು ಕೀಲುಗಳು ಮಹಡಿಯಂತೆ ಒಂದರ ಮೇಲೊಂದು ಕುಳಿತಿವೆ ಎಂದರೆ ತಪ್ಪಾಗದು.

ಸುತ್ತಲೂ ಒಂದು ತೆಳುವಾದ ಚೀಲವೂ ಹೊರಬದಿಯಲ್ಲಿ ಗಟ್ಟಿಯಾದ ಅಸ್ಥಿರಜ್ಜುವೊಂದೂ ಇವೆ. ಈ ರಜ್ಜು ಕಾಂಡೈಲ್ ಹಿಂದಕ್ಕೆ, ಅಂದರೆ ಕಿವಿಯ ಕಡೆಗೆ, ತಳ್ಳಿಹೋಗದಂತೆ ಹಿಡಿದಿಡುತ್ತದೆ. ಒಳಬದಿಯಲ್ಲಿ ಇನ್ನೆರಡು ರಜ್ಜುಗಳಿದ್ದರೂ ಅವುಗಳ ಪಾತ್ರ ಚಿಕ್ಕದು.

ಕಿವಿಯ ನೆರೆಹೊರೆ

ದವಡೆ ಕೀಲಿನ ನೋವಿಗೆ ಕಿವಿನೋವೆಂದು ಔಷಧ ಹಾಕಿಸಿಕೊಂಡವರು ಕಡಿಮೆಯಿಲ್ಲ. ಕೀಲಿಗೂ ಕಿವಿಯ ಕಾಲುವೆಗೂ ನಡುವೆ ಇರುವುದು ಒಂದು ತೆಳುವಾದ ಮೂಳೆಯ ಹಾಳೆ ಮಾತ್ರ. ಕೀಲಿನಿಂದ ಸಂವೇದನೆಯನ್ನು ಒಯ್ಯುವ ಮುಖ್ಯ ನರದ ಕೊಂಬೆಗಳೇ ಕಿವಿಯ ಕಾಲುವೆಗೂ ಕಣತಲೆಯ ಚರ್ಮಕ್ಕೂ ಹೋಗುವುದರಿಂದ, ನೋವು ಎಲ್ಲಿಂದ ಹೊರಟಿತೆಂದು ಮಿದುಳು ಸುಲಭವಾಗಿ ಎಡವುತ್ತದೆ. 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ, ಮೂಗು, ಗಂಟಲಿನ ವೈದ್ಯರು ಕಿವಿಯ ಹಲವು ದೂರುಗಳನ್ನು ದವಡೆ ಕೀಲಿಗೆ ಜೋಡಿಸಿ ಬರೆದರು. ಹಲ್ಲು ಕಳೆದುಕೊಂಡವರಲ್ಲಿ ಕಾಂಡೈಲ್ ಹಿಂದಕ್ಕೆ ಸರಿದು ನರವನ್ನು ಒತ್ತುತ್ತದೆ ಎಂಬ ಅವರ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಕಿವಿಯ ದೂರಿಗೆ ದವಡೆಯನ್ನೂ ನೋಡಬೇಕೆಂಬ ಎಚ್ಚರ ಉಳಿಯಿತು.

ಈ ನೆರೆತನ ಹಳೆಯದು. ಸರೀಸೃಪಗಳಲ್ಲಿ ದವಡೆಯ ಕೀಲು ನಮ್ಮಲ್ಲಿರುವುದಲ್ಲ. ಅಲ್ಲಿ ಬೇರೆ ಎರಡು ಮೂಳೆಗಳು ಸೇರಿ ಕೀಲಾಗುತ್ತವೆ. ಸಸ್ತನಿಗಳಲ್ಲಿ ಅದೇ ಎರಡು ಮೂಳೆಗಳು ಕುಗ್ಗಿ ನಡುಗಿವಿಯೊಳಗೆ ಸೇರಿ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಹೆಸರಿನ ಪುಟಾಣಿ ಮೂಳೆಗಳಾಗಿವೆ. ಭ್ರೂಣಗಳನ್ನು ಹೋಲಿಸಿ ನೋಡಿ ಜರ್ಮನಿಯ ಕಾರ್ಲ್ ರೈಕರ್ಟ್ 1837ರಲ್ಲೇ ಇದನ್ನು ತೋರಿಸಿದ್ದರು. ಅಂದರೆ ಇಂದು ನಾವು ಕೇಳುವುದು ಒಂದು ಕಾಲದ ದವಡೆ ಕೀಲಿನ ಮೂಲಕ. ಅಗಿಯುವುದು ಅನಂತರ ಬಂದ ಹೊಸ ಕೀಲಿನಿಂದ.

ಹೆಜ್ಜೆ ಒಂದು: ತಿರುಗುವುದನ್ನೂ ಜಾರುವುದನ್ನೂ ಬೇರೆಬೇರೆಯಾಗಿ ಅರಿಯುವುದು

ನಾಲಗೆಯ ತುದಿಯನ್ನು ಮೇಲಿನ ಬಾಚಿಹಲ್ಲುಗಳ ಹಿಂದೆ, ‘ನ’ ಎಂದು ಹೇಳುವಾಗ ಅದು ತಾಕುವ ಜಾಗದಲ್ಲಿ, ಇಟ್ಟು ಅಲ್ಲಿಂದ ಕದಲದಂತೆ ನೋಡಿಕೊಳ್ಳಿ. ಬೆರಳುಗಳು ಕೀಲಿನ ಮೇಲೆಯೇ ಇರಲಿ. ಈಗ ಬಾಯಿಯನ್ನು ಎಷ್ಟು ಸಾಧ್ಯವೋ ಅಷ್ಟೇ ತೆರೆಯಿರಿ. ಗಂಟು ಇದ್ದಲ್ಲೇ ಹೊರಳುತ್ತದೆಯೇ ಹೊರತು ಮುಂದಕ್ಕೆ ಅಷ್ಟಾಗಿ ಹೋಗುವುದಿಲ್ಲ. ಇದು ಶುದ್ಧ ತಿರುಗುವಿಕೆಗೆ ತೀರ ಹತ್ತಿರವಾದದ್ದು. ಸಾಮಾನ್ಯವಾಗಿ ಬಾಯಿ ತೆರೆಯುವ ಮೊದಲ 20ರಿಂದ 25 ಮಿ.ಮೀ. ಮುಖ್ಯವಾಗಿ ಈ ಬಗೆಯಲ್ಲಿ ಆಗುತ್ತದೆ ಎಂದು ಪಠ್ಯಗಳು ಹೇಳುತ್ತವೆ. ನಿಜಜೀವನದಲ್ಲಿ ಮಾತನಾಡುವಾಗ, ಉಣ್ಣುವಾಗ ಎರಡು ಚಲನೆಗಳೂ ಮೊದಲಿನಿಂದಲೇ ಸ್ವಲ್ಪ ಬೆರೆತಿರುತ್ತವೆ.

ಇನ್ನು ನಾಲಗೆಯನ್ನು ಸಡಿಲಬಿಟ್ಟು ಬಾಯಿಯನ್ನು ಪೂರ್ತಿ ತೆರೆಯಿರಿ. ಅರ್ಧ ದಾರಿಯ ಆಚೆ ಗಂಟು ಬೆರಳಿನಿಂದ ಜಾರಿ ಮುಂದೆ ಹೋಗುತ್ತದೆ. ಆಗ ಡಿಸ್ಕ್ ಕೂಡ ಅದರ ಜೊತೆಗೆ ಮುಂದಕ್ಕೆ ಸಾಗುತ್ತದೆ, ಆದರೆ ಕಾಂಡೈಲಿಗಿಂತ ಕಡಿಮೆ ದೂರ; ಆದ್ದರಿಂದ ಕಾಂಡೈಲಿನ ಮೇಲೆ ಕುಳಿತ ಡಿಸ್ಕ್ ಅದರ ಲೆಕ್ಕದಲ್ಲಿ ಹಿಂದಕ್ಕೆ ಹೊರಳಿದಂತಾಗುತ್ತದೆ.

ಮೂರನೆಯದಾಗಿ, ಹಲ್ಲುಗಳನ್ನು ತುಸು ಬಿಡಿಸಿ ಕೆಳದವಡೆಯನ್ನು ಬಲಕ್ಕೆ ಸರಿಸಿ ನೋಡಿ. ಮುಂದಕ್ಕೆ ಸಾಗುವುದು ಎಡಗಡೆಯ ಗಂಟು. ಬಲಗಡೆಯದು ಬಹುತೇಕ ಇದ್ದಲ್ಲೇ ನಿಂತು ತುಸು ಹೊರಕ್ಕೆ ವಾಲುತ್ತದೆ. ಎರಡು ಕೀಲುಗಳನ್ನು ಒಂದೇ ಮೂಳೆ ಜೋಡಿಸಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಕದಲಲಾರದು. ಒಂದು ನಿಂತರೆ ಇನ್ನೊಂದು ಅದರ ಸುತ್ತ ನಡೆಯಬೇಕು. ಕನ್ನಡಿಯ ಮುಂದಿನ ಪರೀಕ್ಷೆಗೆ ಈ ಅಂಶ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹೆಜ್ಜೆ ಎರಡು: ಸ್ನಾಯುಗಳನ್ನು ಮುಟ್ಟಿ ನೋಡುವುದು

ಬಾಯಿ ಮುಚ್ಚುವ ಸ್ನಾಯುಗಳಲ್ಲಿ ಎರಡು ಕೈಗೆ ಚೆನ್ನಾಗಿ ಸಿಗುತ್ತವೆ. ಕೆನ್ನೆಮೂಳೆಯ ಕಮಾನಿನಿಂದ ದವಡೆಯ ಮೂಲೆಯವರೆಗೆ ಇಳಿದಿರುವುದು ಮ್ಯಾಸಿಟರ್. ಅಂಗೈಯನ್ನು ಕೆನ್ನೆಯ ಹಿಂಭಾಗದಲ್ಲಿಟ್ಟು ಹಲ್ಲುಗಳನ್ನು ಒಮ್ಮೆ ಮೆಲ್ಲಗೆ ಕಚ್ಚಿದರೆ ಅದು ಉಬ್ಬುತ್ತದೆ. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿ, ಕೆನ್ನೆಮೂಳೆಯ ಕಮಾನಿನ ಒಳಗಿನಿಂದ ಇಳಿದು ಕೆಳದವಡೆಯ ಮುಂಕೊಂಬಿಗೆ ಅಂಟಿಕೊಳ್ಳುವುದು ಟೆಂಪೊರಾಲಿಸ್. ಹಲ್ಲು ಕಚ್ಚುವಾಗ ಕಣತಲೆಯಲ್ಲಿ ಬೆರಳಿಟ್ಟು ಅದನ್ನು ತಿಳಿಯಬಹುದು. ಟೆಂಪೊರಾಲಿಸಿನ ಮುಂದಿನ ಎಳೆಗಳು ದವಡೆಯನ್ನು ಮೇಲಕ್ಕೆತ್ತುತ್ತವೆ, ಹಿಂದಿನ ಎಳೆಗಳು ಹೆಚ್ಚುಕಡಿಮೆ ಅಡ್ಡಲಾಗಿ ಹರಿದು ದವಡೆಯನ್ನು ಹಿಂದಕ್ಕೆ ಎಳೆಯುತ್ತವೆ. ದವಡೆಯ ಒಳಬದಿಯಲ್ಲಿ ಮೀಡಿಯಲ್ ಟೆರಿಗಾಯ್ಡ್ ಇದೆ. ಅದೂ ಮ್ಯಾಸಿಟರೂ ಸೇರಿ ದವಡೆಯ ಮೂಲೆಯನ್ನು ತೊಟ್ಟಿಲಿನ ಹಗ್ಗಗಳಂತೆ ಎರಡು ಕಡೆಯಿಂದ ಎತ್ತಿಹಿಡಿದಿವೆ.

ಬಾಯಿ ತೆರೆಯುವುದಕ್ಕೆ ಮುಖ್ಯವಾಗಿ ಬೇಕಾದದ್ದು ಲ್ಯಾಟರಲ್ ಟೆರಿಗಾಯ್ಡ್. ಅದರ ಕೆಳಗಿನ ಭಾಗ ಕಾಂಡೈಲಿನ ಕುತ್ತಿಗೆಯನ್ನು ಹಿಡಿದು ಮುಂದಕ್ಕೆಳೆಯುತ್ತದೆ. ಮೇಲಿನ ಭಾಗದ ಕೆಲವು ಎಳೆಗಳು ಡಿಸ್ಕಿಗೂ ಕೀಲಿನ ಚೀಲಕ್ಕೂ ಅಂಟಿಕೊಂಡಿದ್ದು, ಮುಚ್ಚುವಾಗ ಕಾಂಡೈಲನ್ನು ಹಿಡಿತದಲ್ಲಿಡಲು ನೆರವಾಗುತ್ತವೆ. ಗಲ್ಲದಡಿಯ ಸ್ನಾಯುಗಳು ದವಡೆಯನ್ನು ಕೆಳಕ್ಕೆಳೆಯುತ್ತವೆ. ಎರಡೂ ಬದಿಯ ಲ್ಯಾಟರಲ್ ಟೆರಿಗಾಯ್ಡ್ ಒಟ್ಟಿಗೆ ಬಿಗಿದರೆ ದವಡೆ ಮುಂದಕ್ಕೆ ಬರುತ್ತದೆ. ಒಂದೇ ಬದಿಯದು ಬಿಗಿದರೆ ಎದುರು ಬದಿಗೆ ಸರಿಯುತ್ತದೆ. ಈ ಸ್ನಾಯು ಆಳದಲ್ಲಿ ಅಡಗಿರುವುದರಿಂದ ಬಾಯೊಳಗೆ ಬೆರಳು ಹಾಕಿ ಅದನ್ನು ಹುಡುಕುವ ಪ್ರಯತ್ನ ಬೇಡ. ಕೈಗೆ ನಂಬುವಂತೆ ಅದು ಸಿಗುವುದಿಲ್ಲ, ಹುಡುಕಿದರೆ ಆರೋಗ್ಯವಂತರಿಗೂ ನೋವಾಗುತ್ತದೆ.

ಮ್ಯಾಸಿಟರ್ ಮತ್ತು ಟೆಂಪೊರಾಲಿಸನ್ನು ಬೆರಳಿನ ತುದಿಯಿಂದ ಅಲ್ಲಲ್ಲಿ ಹಗುರವಾಗಿ ಒತ್ತಿ ನೋಡಿ. ಎಲ್ಲಾದರೂ ನಿಮಗೆ ಪರಿಚಿತವಾದ ನೋವೇ ಎದ್ದುಬಂದರೆ, ತೊಂದರೆ ಕೀಲಿನದಲ್ಲ, ಸ್ನಾಯುವಿನದು ಎಂಬ ಸಂಶಯಕ್ಕೆ ಬಲ ಬರುತ್ತದೆ. ದವಡೆ ನೋವಿನಲ್ಲಿ ಹೆಚ್ಚಿನ ಪಾಲು ಸ್ನಾಯುವಿನದೇ.

ಇಲ್ಲಿ ಇನ್ನೊಂದು ಉಪಯುಕ್ತ ಸಂಗತಿಯಿದೆ. ಒಂದು ಬದಿಯ ದವಡೆಹಲ್ಲುಗಳ ನಡುವೆ ಗಟ್ಟಿಯಾದದ್ದನ್ನು ಕಚ್ಚಿದಾಗ ಹೆಚ್ಚು ಒತ್ತಡ ಬೀಳುವುದು ಎದುರು ಬದಿಯ ಕೀಲಿನ ಮೇಲೆ. ಬಲಗಡೆಯ ಕೀಲು ನೋಯುತ್ತಿರುವವರು ಎಡಗಡೆ ಅಗಿದರೆ ಹಿತವೆಂದು ಊಹಿಸುವುದು ಸಹಜ. ಆದರೆ ಎಷ್ಟೋ ಸಲ ನೋಯುವ ಬದಿಯಲ್ಲೇ ಅಗಿಯುವುದು ಹಗುರವೆನಿಸುತ್ತದೆ. ನೋವು ಸ್ನಾಯುವಿನದಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಎರಡೂ ಬದಿಯಲ್ಲಿ ಪ್ರಯತ್ನಿಸಿ ಯಾವುದು ಹಗುರವೋ ಅದನ್ನೇ ಕೆಲವು ದಿನ ಬಳಸುವುದು ವಾಸಿ.

ಹೆಜ್ಜೆ ಮೂರು: ಅಳತೆ

ಬಾಯಿಯನ್ನು ನೋವಿಲ್ಲದೆ ಎಷ್ಟು ತೆರೆಯಬಹುದೋ ಅಷ್ಟು ತೆರೆದು, ಮೇಲಿನ ಮತ್ತು ಕೆಳಗಿನ ನಡು ಬಾಚಿಹಲ್ಲುಗಳ ಅಂಚುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ನೋಡಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 40ರಿಂದ 55 ಮಿ.ಮೀ. ಇರುತ್ತದೆ; 35ಕ್ಕಿಂತ ಕಡಿಮೆಯಿದ್ದರೆ ಬಾಯಿ ಕಟ್ಟಿದೆ ಎಂದು ಲೆಕ್ಕ. ಅಳತೆಪಟ್ಟಿ ಇಲ್ಲದಿದ್ದರೆ ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಲಾಗುತ್ತದೆಯೇ ನೋಡಬಹುದು. ದೊಡ್ಡ ದೇಹದವರಿಗೆ ದೊಡ್ಡ ಬೆರಳು, ಚಿಕ್ಕ ದೇಹದವರಿಗೆ ಚಿಕ್ಕ ಬೆರಳು ಎಂಬ ಕಾರಣಕ್ಕೆ ಈ ಹಳೆಯ ಉಪಾಯ ಇಂದಿಗೂ ಬಾಳಿದೆ.

ಬಲಕ್ಕೂ ಎಡಕ್ಕೂ ದವಡೆ 8 ಮಿ.ಮೀ. ಅಥವಾ ತುಸು ಹೆಚ್ಚು ಸರಿಯಬೇಕು. ತೆರೆಯುವ ಅಳತೆಯ ಸುಮಾರು ಕಾಲುಭಾಗ ಎಂದು ನೆನಪಿಟ್ಟುಕೊಂಡರೆ ಸಾಕು. ಬಾಯಿ ಸರಿಯಾಗಿ ತೆರೆಯದೆ ಪಕ್ಕದ ಚಲನೆ ಮಾತ್ರ ಸಲೀಸಾಗಿದ್ದರೆ ಹಿಡಿತ ಸ್ನಾಯುಗಳಲ್ಲಿರುವ ಸಾಧ್ಯತೆ ಹೆಚ್ಚು. ಎರಡೂ ಕುಗ್ಗಿದ್ದರೆ ಕೀಲಿನೊಳಗೇ ಏನೋ ಅಡ್ಡಬಂದಿರಬಹುದು.

ಹೆಜ್ಜೆ ನಾಲ್ಕು: ಕನ್ನಡಿಯ ಮುಂದೆ

ಮೇಲಿನ ಎರಡು ನಡು ಬಾಚಿಹಲ್ಲುಗಳ ನಡುವಿನ ಗೆರೆಯನ್ನು ಗುರುತಾಗಿ ಇಟ್ಟುಕೊಂಡು, ಬಾಯಿ ತೆರೆಯುವಾಗ ಕೆಳಗಿನ ಹಲ್ಲುಗಳ ಗೆರೆ ಯಾವ ದಾರಿ ಹಿಡಿಯುತ್ತದೆ ಎಂದು ಗಮನಿಸಿ. ನೇರವಾಗಿ ಇಳಿದರೆ ಎರಡೂ ಕಾಂಡೈಲುಗಳು ಸಮನಾಗಿ ಜಾರುತ್ತಿವೆ. ಒಂದು ಬದಿಗೆ ಓಲಿ ಕೊನೆಯಲ್ಲಿ ಮತ್ತೆ ನಡುವಿಗೆ ಬಂದರೆ, ಆ ಬದಿಯ ಕಾಂಡೈಲ್ ದಾರಿಯಲ್ಲಿ ಸ್ವಲ್ಪ ತಡವಾಗಿ ಹೊರಟಿದೆ ಎಂದರ್ಥ; ಹೆಚ್ಚಾಗಿ ಇದರ ಜೊತೆಗೆ ‘ಟಕ್’ ಎಂಬ ಸದ್ದೂ ಇರುತ್ತದೆ. ಒಂದು ಬದಿಗೆ ಓಲಿ ಅಲ್ಲೇ ಉಳಿದರೆ ಆ ಬದಿಯ ಕಾಂಡೈಲ್ ಜಾರಲಾರದೆ ನಿಂತಿದೆ. ನಿಂತ ಕೀಲಿನ ಸುತ್ತ ಇನ್ನೊಂದು ಕೀಲು ನಡೆದಿದ್ದರಿಂದಲೇ ಗಲ್ಲ ನಿಂತ ಬದಿಗೆ ತಿರುಗಿದೆ. ತೊಂದರೆಯ ಬದಿಯನ್ನು ದವಡೆ ತಾನೇ ಬೆರಳು ಮಾಡಿ ತೋರಿಸಿದಂತೆ.

ಹೆಜ್ಜೆ ಐದು: ಸದ್ದನ್ನು ಓದುವುದು

ಜನರನ್ನು ಹೆಚ್ಚು ಹೆದರಿಸುವುದು ಸದ್ದು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಕಡಿಮೆ ಹೆದರಬೇಕಾದದ್ದೂ ಅದೇ.

ಬಾಯಿ ತೆರೆಯುವಾಗ ಒಂದು ‘ಟಕ್’, ಮುಚ್ಚುವಾಗ ಅದಕ್ಕಿಂತ ಮೆಲ್ಲನೆಯ ಇನ್ನೊಂದು ‘ಟಕ್’ ಕೇಳಿದರೆ ಒಳಗೆ ನಡೆಯುತ್ತಿರುವುದು ಇಷ್ಟು: ಬಾಯಿ ಮುಚ್ಚಿದ ಸ್ಥಿತಿಯಲ್ಲಿ ಡಿಸ್ಕ್ ತನ್ನ ಜಾಗಕ್ಕಿಂತ ಮುಂದೆ ಜರುಗಿದೆ. ಕಾಂಡೈಲ್ ಮುಂದಕ್ಕೆ ಹೊರಟಾಗ ಡಿಸ್ಕಿನ ದಪ್ಪನೆಯ ಹಿಂದಿನ ಅಂಚು ಅಡ್ಡಬರುತ್ತದೆ. ಅದನ್ನು ಹತ್ತಿ ಹಾರಿ ತೆಳು ನಡುಭಾಗಕ್ಕೆ ಇಳಿಯುವ ಕ್ಷಣದಲ್ಲಿ ಸದ್ದಾಗುತ್ತದೆ. ಮುಚ್ಚುವಾಗ ಕೊನೆಯ ಹಂತದಲ್ಲಿ ಮತ್ತೆ ಅದೇ ಅಂಚಿನಿಂದ ಹಿಂದಕ್ಕೆ ಜಾರುತ್ತದೆ. ಡಿಸ್ಕ್ ಹೀಗೆ ಜರುಗಿರುವುದು ಎಂಆರ್‌ಐ ಚಿತ್ರಗಳಲ್ಲಿ ಯಾವ ದೂರೂ ಇಲ್ಲದವರಲ್ಲೂ, ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಯಲ್ಲಿ, ಕಂಡುಬರುತ್ತದೆ. ಹಾಗಾಗಿ ನೋವಿಲ್ಲದ, ಬಾಯಿ ಸರಿಯಾಗಿ ತೆರೆಯುವ, ಹಿಡಿದುಕೊಳ್ಳದ ಕೀಲು ಸದ್ದು ಮಾಡಿದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಸದ್ದು ಇನ್ನೂ ಬರುತ್ತಿದೆಯೇ ಎಂದು ದಿನಕ್ಕೆ ಹತ್ತಾರು ಸಲ ಬಾಯಿ ತೆರೆದು ಪರೀಕ್ಷಿಸುವುದೇ ಅನೇಕರಲ್ಲಿ ಹೊಸ ನೋವಿಗೆ ದಾರಿಮಾಡುತ್ತದೆ.

ಟಕ್ ಎಂಬ ಸದ್ದು ಒಂದು ದಿನ ಥಟ್ಟನೆ ನಿಂತು, ಅದೇ ಹೊತ್ತಿಗೆ ಬಾಯಿ 25ರಿಂದ 30 ಮಿ.ಮೀ.ಗಿಂತ ಹೆಚ್ಚು ತೆರೆಯದಂತಾದರೆ, ಡಿಸ್ಕ್ ಮುಂದೆಯೇ ಸಿಕ್ಕಿಕೊಂಡು ಕಾಂಡೈಲ್ ಅದನ್ನು ದಾಟಲಾರದೆ ನಿಂತಿದೆ ಎಂದು ತಿಳಿಯಬೇಕು. ಸದ್ದು ಹೋಯಿತೆಂದು ಸಂತೋಷಪಡುವ ಸಂದರ್ಭ ಇದಲ್ಲ. ಹಿಡಿದ ಬಾಯಿಯನ್ನು ಬಲವಂತದಿಂದ ತೆರೆಯಲು ಹೋಗದೆ ಕೆಲವೇ ದಿನಗಳೊಳಗೆ ದಂತವೈದ್ಯರನ್ನೋ ಮುಖ ಮತ್ತು ದವಡೆಯ ಶಸ್ತ್ರವೈದ್ಯರನ್ನೋ ಕಾಣುವುದು ಒಳ್ಳೆಯದು. ಡಿಸ್ಕ್ ತನ್ನ ಜಾಗಕ್ಕೆ ಮರಳದಿದ್ದರೂ ಅದರ ಹಿಂದಿನ ಅಂಗಾಂಶ ಕಾಲಕ್ರಮದಲ್ಲಿ ಗಡುಸಾಗಿ ಡಿಸ್ಕಿನ ಕೆಲಸಕ್ಕೆ ಒಗ್ಗಿಕೊಳ್ಳುವುದರಿಂದ, ತಿಂಗಳುಗಳ ಅವಧಿಯಲ್ಲಿ ಬಹಳಷ್ಟು ಜನರ ಬಾಯಿ ಮತ್ತೆ ಸಾಕಷ್ಟು ತೆರೆಯುತ್ತದೆ.

ಮರಳು ತುಳಿದಂತೆ ಕರಕರ ಎನ್ನುವ ಸದ್ದು ಬೇರೆ ಜಾತಿಯದು. ಕೀಲಿನ ಮೇಲ್ಮೈ ಒರಟಾಗಿರುವುದರ ಗುರುತು ಅದು. ನೋವಿದ್ದರೆ ಮೂಳೆಯ ಚಿತ್ರ ತೆಗೆಸಿ ನೋಡಬೇಕಾಗುತ್ತದೆ.

ಬಾಯಿ ತೆರೆದೇ ನಿಂತರೆ

ದೊಡ್ಡ ಆಕಳಿಕೆಯಲ್ಲೋ ದಂತಚಿಕಿತ್ಸೆಯ ನಡುವೆಯೋ ಕಾಂಡೈಲ್ ದಿಬ್ಬವನ್ನು ಬಹುದೂರ ದಾಟಿ, ಮುಚ್ಚುವ ಸ್ನಾಯುಗಳು ಬಿಗಿದುಕೊಂಡುಬಿಟ್ಟರೆ ಅದು ಹಿಂದಿರುಗಲಾರದು. ಬಾಯಿ ತೆರೆದೇ ನಿಲ್ಲುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕಿವಿಯ ಮುಂದೆ ಗುಳಿ ಎದ್ದು ಕಾಣುತ್ತದೆ. ಇಂಥ ಹೊತ್ತಿನಲ್ಲಿ ಗಲ್ಲವನ್ನು ಮೇಲಕ್ಕೆ ತಳ್ಳಿ ಮುಚ್ಚಿಸಲು ಹೋಗಬಾರದು. ದಿಬ್ಬ ಅಡ್ಡವಿರುವಾಗ ಮೇಲಕ್ಕೆ ತಳ್ಳಿದಷ್ಟೂ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಗಲ್ಲಕ್ಕೆ ಹಗುರವಾಗಿ ಕೈಯ ಆಸರೆ ಕೊಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೆಬ್ಬೆರಳುಗಳನ್ನು ಕೆಳದವಡೆಯ ಹಿಂಭಾಗದ ಮೇಲಿಟ್ಟು ಮೊದಲು ಕೆಳಕ್ಕೆ, ಅನಂತರ ಹಿಂದಕ್ಕೆ ಒತ್ತಿ ಕೂರಿಸುತ್ತಾರೆ. ಪ್ರಾಚೀನ ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಈ ವಿಧಾನದ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಕೀಲು ಕೂತ ಮೇಲೆ ಕೆಲವು ವಾರ ಆಕಳಿಸುವಾಗ ಗಲ್ಲದಡಿ ಮುಷ್ಟಿ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಮಕ್ಕಳು ಗಲ್ಲ ಬಡಿದು ಬಿದ್ದಾಗಲೂ ಇದೇ ಎಚ್ಚರ ಬೇಕು. ಗಲ್ಲದ ಚರ್ಮಕ್ಕೆ ಹೊಲಿಗೆ ಹಾಕಿಸಿದರೆ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ಪೆಟ್ಟು ಮೂಳೆಯುದ್ದಕ್ಕೂ ಸಾಗಿ ಕಾಂಡೈಲಿನ ಕುತ್ತಿಗೆಯನ್ನು ಮುರಿದಿರಬಹುದು. ಮಕ್ಕಳಲ್ಲಿ ಕೆಳದವಡೆಯ ಬೆಳವಣಿಗೆಗೆ ಕಾಂಡೈಲಿನ ಪಾತ್ರ ದೊಡ್ಡದು. ಬಿದ್ದ ಮಗು ಬಾಯಿ ತೆರೆಯಲು ನೋವೆಂದರೆ, ಗಲ್ಲ ಒಂದು ಬದಿಗೆ ವಾಲಿದರೆ, ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಚಿತ್ರ ತೆಗೆಸಲೇಬೇಕು. ಗಮನಿಸದೆ ಬಿಟ್ಟ ಕೀಲು ಕೆಲವೊಮ್ಮೆ ಮೂಳೆಗೆ ಮೂಳೆ ಬೆಸೆದುಕೊಂಡು ಬಾಯಿಯನ್ನೇ ಕಟ್ಟಿಬಿಡುತ್ತದೆ.

ಹೆಜ್ಜೆ ಆರು: ದವಡೆಗೆ ಬಿಡುವು ಕೊಡುವುದು

ದವಡೆ ವಿಶ್ರಾಂತಿಯಲ್ಲಿರುವಾಗ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು ಎಂಬುದು ಅನೇಕರಿಗೆ ಹೊಸ ಮಾತು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಆಗ 2ರಿಂದ 4 ಮಿ.ಮೀ. ಬಿಡುವಿರಬೇಕು. ಆ ಸ್ಥಿತಿ ಯಾವುದೆಂದು ತಿಳಿಯಲು ‘ಮ್’ ಎಂದು ಮೆಲ್ಲಗೆ ಗುನುಗಿ, ತುಟಿಗಳನ್ನು ಹಾಗೆಯೇ ಬಿಟ್ಟು ನಿಲ್ಲಿಸಿ. ತುಟಿಗಳು ಸೇರಿರುತ್ತವೆ, ಹಲ್ಲುಗಳು ಬಿಟ್ಟಿರುತ್ತವೆ. ನಾಲಗೆಯ ತುದಿ ‘ನ’ಕಾರದ ಜಾಗದಲ್ಲಿ ಒತ್ತದೆ ತಂಗಿರಲಿ.

ಓದುವಾಗ, ವಾಹನ ನಡೆಸುವಾಗ, ಪರದೆಯ ಮುಂದೆ ಕುಳಿತಾಗ ಹಲ್ಲು ಕಚ್ಚಿಹಿಡಿಯುವುದು ನಮಗೆ ತಿಳಿಯದಂತೆ ನಡೆಯುತ್ತದೆ. ಕೆನ್ನೆಯ ಒಳಬದಿಯಲ್ಲಿ ಹಲ್ಲುಗಳ ಮಟ್ಟಕ್ಕೆ ಬಿಳಿಗೆರೆ, ನಾಲಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದಂತಿರುವುದು, ಇವೆಲ್ಲ ಅದರ ಸುಳಿವುಗಳು. ಹಗಲಿನ ಅಭ್ಯಾಸವನ್ನು ನೆನಪಿನಿಂದಲೇ ಮುರಿಯಬಹುದು: ಕಣ್ಣಿಗೆ ಆಗಾಗ ಬೀಳುವ ಕಡೆ ಒಂದು ಬಣ್ಣದ ಚೀಟಿ ಅಂಟಿಸಿ, ಅದನ್ನು ಕಂಡಾಗಲೆಲ್ಲ ಹಲ್ಲುಗಳನ್ನು ಬಿಡಿಸಿ ಭುಜಗಳನ್ನು ಇಳಿಬಿಟ್ಟರೆ ಸಾಕು. ರಾತ್ರಿ ಹಲ್ಲು ಕಡಿಯುವುದನ್ನು ಮನಸ್ಸಿನ ಬಲದಿಂದ ನಿಲ್ಲಿಸಲಾಗದು. ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ಗಟ್ಟಿ ಅಕ್ರಿಲಿಕ್ ತಟ್ಟೆ ಹಲ್ಲು ಸವೆಯದಂತೆ ಕಾಯುತ್ತದೆ, ಹಲವರ ನೋವನ್ನೂ ತಗ್ಗಿಸುತ್ತದೆ.

ನೋವಿರುವ ದಿನಗಳಲ್ಲಿ ಒಂದೆರಡು ವಾರ ಮೆತ್ತನೆಯ ಆಹಾರ ಸೇವಿಸಿ, ತುತ್ತುಗಳನ್ನು ಚಿಕ್ಕದಾಗಿ ಮಾಡಿ, ಚೂಯಿಂಗ್ ಗಮ್ ಬಿಟ್ಟು, ಗಲ್ಲಕ್ಕೆ ಕೈಕೊಟ್ಟು ಕೂರುವುದನ್ನೂ ಫೋನನ್ನು ಭುಜ ಮತ್ತು ಕೆನ್ನೆಯ ನಡುವೆ ಸಿಕ್ಕಿಸಿಕೊಳ್ಳುವುದನ್ನೂ ತಪ್ಪಿಸಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಚರ್ಮ ಸುಡದಷ್ಟು ಬಿಸಿಯಲ್ಲಿ, ಕೆನ್ನೆ ಮತ್ತು ಕಣತಲೆಗೆ 15ರಿಂದ 20 ನಿಮಿಷ ಇಟ್ಟರೆ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಆಗಷ್ಟೇ ಪೆಟ್ಟು ಬಿದ್ದಿದ್ದರೆ ಬಿಸಿಯ ಬದಲು ಬಟ್ಟೆ ಸುತ್ತಿದ ಮಂಜುಗಡ್ಡೆ ಸರಿ.

ವ್ಯಾಯಾಮದಲ್ಲಿ ಎಲ್ಲಕ್ಕಿಂತ ಸುರಕ್ಷಿತವಾದದ್ದು ಮೊದಲ ಹೆಜ್ಜೆಯಲ್ಲಿ ನಾವು ಆಗಲೇ ಮಾಡಿದ್ದು: ನಾಲಗೆಯನ್ನು ಅಂಗುಳಕ್ಕೆ ಹಿಡಿದು, ಬೆರಳುಗಳನ್ನು ಕೀಲಿನ ಮೇಲಿಟ್ಟು, ಕಾಂಡೈಲ್ ಮುಂದಕ್ಕೆ ಓಡದಂತೆ ನಿಧಾನವಾಗಿ ತೆರೆದು ಮುಚ್ಚುವುದು. ಒಂದು ಸರದಿಗೆ ಆರು ಸಲ, ದಿನಕ್ಕೆ ಆರು ಸರದಿ ಎಂಬುದು ಫಿಸಿಯೋಥೆರಪಿಯಲ್ಲಿ ಬಳಕೆಯಲ್ಲಿರುವ ಲೆಕ್ಕ. ಕನ್ನಡಿಯ ಮುಂದೆ ಮಾಡಿದರೆ ಗಲ್ಲ ಓಲದಂತೆ ತಿದ್ದಿಕೊಳ್ಳುವುದಕ್ಕೂ ಆಗುತ್ತದೆ.

ಚಿಕಿತ್ಸೆಯ ಬಗ್ಗೆ ನನ್ನದೊಂದು ನಿಲುವಿದೆ, ಹೇಳಿಬಿಡುತ್ತೇನೆ. ದವಡೆ ನೋವಿಗೆಂದು ಮೊದಲ ಭೇಟಿಯಲ್ಲೇ ಹಲ್ಲುಗಳನ್ನು ಸವೆಸಿ ಕಚ್ಚುವಿಕೆಯನ್ನು ಬದಲಿಸುವ, ಸಾಲುಸಾಲಾಗಿ ಕ್ಯಾಪ್ ಹಾಕುವ ಸಲಹೆ ಬಂದರೆ ಎರಡನೆಯ ಅಭಿಪ್ರಾಯ ಪಡೆಯುವುದು ಉಚಿತ. ಹಿಂದಿರುಗಿಸಲಾಗುವ ಉಪಾಯಗಳು ಮೊದಲು, ಹಿಂದಿರುಗಿಸಲಾಗದವು ಕೊನೆಗೆ ಎಂಬ ಕ್ರಮವನ್ನೇ ಈ ಕ್ಷೇತ್ರದ ಪರಿಣತರೂ ಒಪ್ಪುತ್ತಾರೆ. ಕೀಲನ್ನು ಸೂಜಿಯಿಂದ ತೊಳೆಯುವುದು, ದೂರದರ್ಶಕದಂಥ ನಳಿಕೆಯಿಂದ ಒಳಗೆ ನೋಡುವುದು, ತೆರೆದ ಶಸ್ತ್ರಚಿಕಿತ್ಸೆ ಇವೆಲ್ಲ ಬೇಕಾಗುವುದು ಕೆಲವರಿಗೆ ಮಾತ್ರ.

ಹೆಜ್ಜೆ ಏಳು: ಯಾವಾಗ ಕಾಯಬಾರದು, ಏನನ್ನು ಬರೆದುಕೊಂಡು ಹೋಗಬೇಕು

ದವಡೆಯಲ್ಲಿ ಕಾಣಿಸುವ ನೋವೆಲ್ಲ ದವಡೆಯದಲ್ಲ. ನಡೆದಾಗಲೋ ಮೆಟ್ಟಿಲು ಹತ್ತಿದಾಗಲೋ ದವಡೆ ನೋಯುವುದು, ಜೊತೆಗೆ ಎದೆ ಒತ್ತುವುದು, ಬೆವರುವುದು, ಉಸಿರು ಕಟ್ಟುವುದು ಹೃದಯದ ಸೂಚನೆಯಾಗಿರಬಹುದು. ಆಗ ತುರ್ತು ಚಿಕಿತ್ಸೆಯೇ ಬೇಕು. 50 ದಾಟಿದವರಲ್ಲಿ ಹೊಸದಾಗಿ ಕಣತಲೆಯ ನೋವು ಶುರುವಾಗಿ, ಅಗಿಯುತ್ತ ಅಗಿಯುತ್ತ ದವಡೆ ಸೋತು ನೋಯುವುದು ಮತ್ತು ನಿಲ್ಲಿಸಿದರೆ ಕಡಿಮೆಯಾಗುವುದು ರಕ್ತನಾಳದ ಉರಿಯೂತದ ಗುರುತಾಗಿರಬಹುದು. ಅದು ಕಣ್ಣಿನ ದೃಷ್ಟಿಯನ್ನೇ ಕಸಿಯಬಲ್ಲದಾದ್ದರಿಂದ ಅದೇ ದಿನ ವೈದ್ಯರನ್ನು ಕಾಣಬೇಕು. ಜ್ವರದೊಡನೆ ಊತ, ಕೆಳತುಟಿ ಅಥವಾ ಗಲ್ಲ ಜೋಮು ಹಿಡಿಯುವುದು, ಗಾಯವಾದ ಮೇಲೆ ಬಾಯಿ ಬಿಗಿಯುತ್ತ ಹೋಗುವುದು, ಕಾರಣವಿಲ್ಲದೆ ವಾರದಿಂದ ವಾರಕ್ಕೆ ಬಾಯಿ ಕಡಿಮೆ ತೆರೆಯುವುದು, ಇವು ಯಾವುವೂ ಮನೆಮದ್ದಿಗೆ ಕಾಯುವಂಥವಲ್ಲ.

ಉಳಿದಂತೆ, ಎರಡು ಮೂರು ವಾರಗಳ ಆರೈಕೆಗೂ ನೋವು ಬಗ್ಗದಿದ್ದರೆ ವೈದ್ಯರನ್ನು ಕಾಣುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಗುರುತು ಮಾಡಿಕೊಳ್ಳಿ: ಬಾಯಿ ತೆರೆಯುವ ಅಳತೆ ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಗಲ್ಲ ಯಾವ ಬದಿಗೆ ಓಲುತ್ತದೆ, ನಡುವಿಗೆ ಮರಳುತ್ತದೆಯೇ, ಸದ್ದು ಟಕ್ ಎಂದೋ ಕರಕರ ಎಂದೋ, ತೆರೆಯುವಾಗಲೋ ಮುಚ್ಚುವಾಗಲೋ, ನೋವನ್ನು ಒಂದೇ ಬೆರಳಿನಿಂದ ಕಿವಿಯ ಮುಂದೆ ತೋರಿಸುತ್ತೀರೋ ಇಡೀ ಅಂಗೈಯನ್ನು ಕೆನ್ನೆಯ ಮೇಲಿಟ್ಟು ತೋರಿಸುತ್ತೀರೋ. ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಮೊದಲು ಬರೆದುಕೊಳ್ಳಿ, ಏಕೆಂದರೆ ಒಂದು ಬೆರಳು ಹೆಚ್ಚಾಗಿ ಕೀಲನ್ನೂ ಇಡೀ ಅಂಗೈ ಹೆಚ್ಚಾಗಿ ಸ್ನಾಯುವನ್ನೂ ತೋರಿಸುತ್ತದೆ.